ಬಾಯಿ ಬಿಡದ ಚಿಪ್ಪು

ಬೆಂದ ಮೇಲೂ ಬಾಯಿ ಬಿಡದ ಚಿಪ್ಪನ್ನು ತಿನ್ನಬಾರದು. ಕುಂದಾಪುರದಿಂದ ಶಿಡ್ಲಘಟ್ಟದವರೆಗೆ ಈ ಒಂದೇ ವಾಕ್ಯ ನನ್ನ ತಲೆಯೊಳಗೆ ನೊಣದಂತೆ ಸುತ್ತುತ್ತಿತ್ತು. ಓಡಿಸಿದರೆ ಹೋಗದು, ಕೂತರೆ ಏಳದು!

ಹಾಗೆಂದು ನಾನು ಅಂಜುಬುರುಕಿ ಎಂದುಕೊಳ್ಳಬೇಡಿ. ನಮ್ಮವರ ಸ್ನೇಹಿತ ಮಧುಸೂದನ್ ಕುಂದಾಪುರದ ಅಳಿವೆಯಲ್ಲಿ ಕಪ್ಪೆಚಿಪ್ಪು ಆರಿಸಲು ಕರೆದಾಗ, "ಬರ್ತೀವಿ! ಆದ್ರೆ ರೂಲ್ಸು ನಂದು!" ಎಂದು ಘೋಷಿಸಿಯೇ ನೀರಿಗಿಳಿದವಳು. ಕಡಲಶಾಸ್ತ್ರವನ್ನೆಲ್ಲ ಮೊಬೈಲಿನಲ್ಲಿ ಅರೆದು ಕುಡಿದಿದ್ದೆ. ನೀರು ಇಳಿದಾಗಲೇ ಆರಿಸಬೇಕು, ಏರುವ ಮೊದಲೇ ದಡ ಸೇರಬೇಕು. ಚರಂಡಿ ಸೇರುವ ಕಡೆ ಕೈ ಹಾಕಬಾರದು. ಮರಿಗಳನ್ನು ಮರಳಿಗೇ ಬಿಡಬೇಕು. ಬಾಯಿ ತೆರೆದದ್ದನ್ನು ತಟ್ಟಿ ನೋಡಬೇಕು. ಮುಚ್ಚಿಕೊಂಡರೆ ಜೀವ ಇದೆ, ಇಲ್ಲದಿದ್ದರೆ ಎಸೆಯಬೇಕು. ಉಪ್ಪುನೀರಲ್ಲಿಟ್ಟು ಮರಳು ಉಗುಳಿಸಿ, ಐಸಿನ ಮೇಲೆ ಒದ್ದೆ ಬಟ್ಟೆ ಹಾಸಿ ಮಲಗಿಸಬೇಕು.

"ನಮ್ಮ ಚಿರುನೂ ಇಷ್ಟು ಜೋಪಾನವಾಗಿ ಮಲಗಿಸಿಲ್ವಲ್ಲೇ ನೀನು!" ಎಂದರು ನಮ್ಮವರು, ಮೋಹನ್‌ಬಾಬು. ಚಿರು ಎಂದರೆ ನಮ್ಮ ಮೂರು ವರ್ಷದ ಮಗ ಚಿರಂಜೀವಿ.

ಬೆಳಿಗ್ಗೆ ಮನೆ ಮುಟ್ಟಿದವಳೇ ಚಿಪ್ಪನ್ನು ಒಲೆಗೇರಿಸಿದೆ. ಅತ್ತೆ ಚಿಕ್ಕವೆಂಕಟಮ್ಮನವರು ಇಣುಕಿದರು.

"ಗೂಡು ಬೇಯಿಸಿದಂಗೇ ಅಲ್ವೇನಮ್ಮ?"

ರೇಷ್ಮೆ ಹುಳು ಸಾಕುವ ಮನೆ ನಮ್ಮದು. ಅತ್ತೆಗೆ ಬ್ರಹ್ಮಾಂಡವೇ ಒಂದು ಗೂಡು!

"ಅತ್ತೆ, ಇದು ಸಮುದ್ರದ ವಿಷ್ಯ. ನಿಮಗೆ ಗೊತ್ತಾಗಲ್ಲ ಬಿಡಿ."

"ಆಯ್ತಮ್ಮ ತಾಯಿ. ನಿಂದೇ ಸಮುದ್ರ!" ಎಂದು ಸೆರಗು ಕೊಡವಿ ಹೋದರು.

ಚಿಪ್ಪು ಬೆಂದಿತು. ಒಲೆ ಆರಿಸಿ ಸ್ನಾನಕ್ಕೆ ಹೋದೆ. ಬಂದು ನೋಡಿದರೆ, ಪಾತ್ರೆಯ ತುಂಬ ಇದ್ದ ಚಿಪ್ಪು ತಳ ಸೇರಿತ್ತು. ಉಳಿದವುಗಳಲ್ಲಿ ಒಂದೂ ಬಾಯಿ ಬಿಟ್ಟಿರಲಿಲ್ಲ.

"ರೀ! ಬಾಯಿ ಬಿಟ್ಟಿದ್ದೆಲ್ಲ ಎಲ್ಲಿ?"

"ಅಮ್ಮ ತಿಪ್ಪೆಗೆ ಹಾಕಿದ್ಲು. 'ತೂತು ಗೂಡಲ್ಲಿ ನೂಲು ಬರ್ತದಾ? ಗಟ್ಟಿಯವನ್ನ ಆರಿಸಿಟ್ಟಿದೀನಿ, ನಿನ್ನ ಹೆಂಡ್ತಿಗೆ ಹೇಳು' ಅಂದು ಅಪ್ಪನ ಜೊತೆ ಮಾರ್ಕೆಟ್ಟಿಗೆ ಗೂಡು ತಗೊಂಡು ಹೋದ್ಲು. ಚಿಪ್ಪು ಒಂದೊಂದನ್ನೂ ಗೂಡಿನ ಥರಾನೇ ಕಿವಿ ಹತ್ರ ಅಲ್ಲಾಡಿಸಿ ನೋಡಿದ್ಲು, ಪಾಪ!"

ಚಿಟ್ಟೆ ಹೊರಬಿದ್ದ ಗೂಡು ಬಾಯಿ ಬಿಟ್ಟಿರುತ್ತದೆ, ಅದು ಕಸ. ಮುಚ್ಚಿದ್ದೇ ಚಿನ್ನ. ಬೆಂದ ಚಿಪ್ಪಿನ ನ್ಯಾಯ ಇದಕ್ಕೆ ಪೂರಾ ಉಲ್ಟಾ. ಬಾಯಿ ಬಿಟ್ಟದ್ದು ಊಟ, ಬಿಡದ್ದು ವಿಷ!

ಅಷ್ಟರಲ್ಲಿ ಚಿರು ರಾಗಿ ಮಣ್ಣಿಯ ಬಟ್ಟಲು ತಳ್ಳಿ ಹೊಟ್ಟೆ ಹಿಡಿದುಕೊಂಡ.

"ಬೇಡ. ಅಜ್ಜಿ ಚಿಪ್ಪು ಕೊಡ್ತು. ಉಪ್ಪುಪ್ಪು."

ಕಾಲ ಕೆಳಗಿನ ಮರಳು ಸರಿಯಿತು, ಶಿಡ್ಲಘಟ್ಟದ ಗಾರೆ ನೆಲದ ಮೇಲೆ! ಹಣೆ ಮುಟ್ಟಿದೆ. ನಾಲಿಗೆ ನೋಡಿದೆ. ಹೊಟ್ಟೆಗೆ ಕಿವಿಯಿಟ್ಟೆ. ಗುಡುಗುಡು ಸದ್ದು! ಅದು ಅವನ ಹೊಟ್ಟೆಯದೋ ನನ್ನ ಎದೆಯದೋ ತಿಳಿಯಲಿಲ್ಲ.

"ಆಸ್ಪತ್ರೆಗೆ ನಡಿ," ಎಂದು ನಮ್ಮವರು ಬೈಕಿನ ಕೀ ಹುಡುಕತೊಡಗಿದರು. "ಅಲ್ಲಿ ಏನು ತಿಂದ, ಎಷ್ಟು ತಿಂದ ಅಂತ ಕೇಳ್ತಾರೆ. ಅಮ್ಮಂಗೆ ಫೋನ್ ಮಾಡು."

"ನೀವೇ ಮಾಡಿ."

"ಗೊತ್ತಾಗಲ್ಲ ಬಿಡಿ ಅಂದೋಳು ನೀನು. ನಿಮ್ಮಿಬ್ಬರ ಮಧ್ಯ ಬಂದ್ರೆ ನನ್ನ ಕೈಗೆ ಚಿಪ್ಪು!"

ಬೆರಳು ಅತ್ತೆಯ ಹೆಸರಿನವರೆಗೆ ಹೋಗಿ ಹಿಂದೆ ಬಂತು. ಯಾವ ಮುಖವಿಟ್ಟು ಕೇಳಲಿ? ಚಿರು ಸಣ್ಣಗೆ ತೇಗಿದ. ಒತ್ತಿಯೇಬಿಟ್ಟೆ.

"ಅತ್ತೆ, ಚಿರುಗೆ ಚಿಪ್ಪು ಕೊಟ್ರಾ?"

ಆಚೆಯಿಂದ ಕಳ್ಳದನಿ. "ಯಾರಮ್ಮ ಹೇಳಿದ್ದು?"

"ಕೊಟ್ರಾ, ಇಲ್ವಾ?"

"ಒಂದೇ ಒಂದು ಕೊಟ್ಟೆ ಕಣಮ್ಮ. ಬಂಗಾರು ಅಳ್ತಿತ್ತು."

"ಬಾಯಿ ಬಿಟ್ಟಿತ್ತಾ, ಮುಚ್ಚಿತ್ತಾ?"

"ಮುಚ್ಚಿತ್ತು. ಬಿಟ್ಟಿರೋದನ್ನ ಯಾರು ಕೊಡ್ತಾರೆ? ಕೈಯಲ್ಲಿ ಬರಲಿಲ್ಲ, ಹಲ್ಲಲ್ಲಿ ಕಚ್ಚಿ ಬಿಚ್ಚಿದೆ."

"ಅಯ್ಯೋ! ಒಳಗೆ ಹೆಂಗಿತ್ತು?"

"ಹೆಂಗಿರ್ತದೆ? ಉಬ್ಬಿಕೊಂಡಿತ್ತು. ಅರ್ಧ ಬರೀ ಗಾಳಿ!"

ಗಾಳಿ! ಒಳಗೇ ಕೊಳೆತು ಉಬ್ಬಿದೆ! "ರೀ, ಕೀ ಸಿಕ್ತಾ?" ಎಂದು ಕಿರುಚಿದೆ. "ಅತ್ತೆ, ಪಾತ್ರೇಲಿ ಮೇಲಿಂದು ಕೊಟ್ರಾ, ತಳದ್ದಾ?"

"ಪಾತ್ರೆ ಯಾಕಮ್ಮ? ಆವುಲಪ್ಪನ ಅಂಗಡೀದು! ಆಲೂಗಡ್ಡೆ ಚಿಪ್ಪು. ಕೊಡಬೇಡಿ ಅಂತ ನೀನು ಹೇಳಿದ್ದೆ ನಿಜ, ತಪ್ಪಾಯ್ತು. ನಿನ್ನ ಕಪ್ಪೇದು ಯಾರು ತಿನ್ನಿಸ್ತಾರೆ? ಮುಟ್ಟಿದ ಕೈನ ಸೋಪಲ್ಲಿ ಉಜ್ಜಿ ಉಜ್ಜಿ ಸಾಕಾಯ್ತು!"

ಚಿಪ್ಸು! "ಕೀ ಬೇಡ ರೀ!" ಎಂದು ಕೂಗಿ ಚಿರುವಿನ ಪಕ್ಕ ನೆಲದ ಮೇಲೆ ಕೂತೆ. ಚಿರು ಜೇಬಿನಿಂದ ಒಂದು ಚೂರು ತೆಗೆದು ನನ್ನ ಬಾಯಿಗಿಟ್ಟ. ಹೌದು, ಉಪ್ಪುಪ್ಪು. ಕಡಲ ತೀರದಿಂದ ಮಲಗಿಸಿ ತಂದ ಊಟ ತಿಪ್ಪೆಯಲ್ಲಿತ್ತು. ನನ್ನ ಕೈಗೂ ಚಿಪ್ಪೇ!

"ಅತ್ತೆ," ಎಂದೆ ಮೆಲ್ಲಗೆ, "ಬರ್ತಾ ನನಗೂ ಒಂದು ಪ್ಯಾಕೆಟ್ ಚಿಪ್ಪು ತನ್ನಿ."

ಮಾರ್ಕೆಟ್ಟಿನ ಗದ್ದಲದ ನಡುವೆಯೂ ಅವರ ದನಿ ಸ್ಪಷ್ಟವಾಗಿ ಕೇಳಿತು.

"ಬಾಯಿ ಬಿಟ್ಟಿರೋದು ತರ್ಲಾ, ಮುಚ್ಚಿರೋದಾ? ನೀನೇ ಹೇಳಮ್ಮ. ನಿಂದೇ ಸಮುದ್ರ!"