ರಿಯಾಕ್ಟರ್ ನೋಡೋನು ಹೆಣ್ಣು ನೋಡಿದ್ದು

ರಜೆ ಹಾಕಿ ಊರಿಗೆ ಬಂದ್ರೆ ಸಾಕು, ಏನಾದ್ರೊಂದು ಎಡವಟ್ಟಾಗದೆ ನಾನು ವಾಪಸ್ ಹೋಗಿದ್ದೇ ಇಲ್ಲ. ಈ ಸಲ ಬಂದಿದ್ದು ಹೆಣ್ಣು ನೋಡೋಕೆ.

ಕೆಲಸ

ನಾನು ಅಣುಸ್ಥಾವರದಲ್ಲಿರೋನು. ರಿಯಾಕ್ಟರ್ ಒಳಗೆ ಇಂಧನ ತುಂಬಿದ ಕೊಳವೆಗಳಿರ್ತವೆ. ಅವು ಊದಿದ್ವಾ, ಬಾಗಿದ್ವಾ, ಬಿರುಕು ಬಿಟ್ವಾ ಅಂತ ದೂರದಲ್ಲಿ ಕೂತು ಕ್ಯಾಮೆರಾದಲ್ಲಿ ನೋಡೋದು ನನ್ನ ಕೆಲಸ. ನಮ್ಮವ್ವಂಗೆ ಇದನ್ನೆಲ್ಲ ಬಿಡಿಸಿ ಹೇಳ್ದೆ.

"ನೋಡಿದ್ರೆ ಏನಾಗ್ತದ್ಲಾ?"

"ಏನೂ ಆಗಲ್ಲ ಕಣವ್ವ. ಆಗ್ದಿದ್ರೇ ಒಳ್ಳೇದು."

"ಏನೂ ಆಗ್ದಿರೋದನ್ನ ನೋಡೋಕೆ ಸಂಬಳ ಕೊಡ್ತಾರಾ? ಹೆಣ್ಣಿನ ಕಡೆಯೋರ ಮುಂದೆ ಇದನ್ನ ಹೇಳ್ಬ್ಯಾಡ. ಇಂಜಿನಿಯರ್ ಅನ್ನು, ಸಾಕು."

ಕರೆಂಟು

ಮೊದಲ ಹೆಣ್ಣು ಚಿಕ್ಕನಾಯಕನಹಳ್ಳಿ ಕಡೇದು. ನಾನಿರೋದು ಅಣುಸ್ಥಾವರದಲ್ಲಿ ಅಂತ ನನ್ನ ಸೋದರಮಾವ ಮೊದ್ಲೇ ಅಲ್ಲಿ ಬಾಯಿಬಿಟ್ಟಿದ್ದ. ಅಲ್ಲಿರೋರ ಮೈ ಕತ್ತಲಲ್ಲಿ ಹೊಳೀತದಂತೆ ಅಂತ ಆ ಮನೇಲಿ ಮಾತಾಗಿತ್ತು. ಸಂಜೆ, ಉಪ್ಪಿಟ್ಟಿನ ತಟ್ಟೆ ಕೈಗೆ ಬರೋ ಹೊತ್ತಿಗೆ ಕರೆಂಟು ಹೋಯ್ತು. ಎಲ್ಲರೂ ನನ್ನ ಕಡೆಗೇ ನೋಡ್ತಿದಾರೆ ಅಂತ ಕತ್ತಲಲ್ಲೂ ಗೊತ್ತಾಗ್ತಿತ್ತು. ನಾನು ಹೊಳೀಲಿಲ್ಲ.

"ಇಷ್ಟೇನಾ?" ಅಂತು ಆ ಮನೆಯ ಅಜ್ಜಿ. ಸಂಬಂಧ ಕೂಡಿಬರಲಿಲ್ಲ.

ಅಟ್ಟ

ಎರಡನೇದು ನೊಣವಿನಕೆರೆ ಹತ್ರ. ಫೋಟೋ ನೋಡಿದಾಗ್ಲೇ ನಂಗೆ ಮನಸ್ಸಾಗಿತ್ತು. ಇದು ಮಾತ್ರ ತಪ್ಪಿಹೋಗಬಾರದು ಅಂದ್ಕೊಂಡೇ ಹೋದೆ.

ಹುಡುಗಿ ಅಪ್ಪ ಕೊಬ್ಬರಿ ವ್ಯಾಪಾರದ ಸಾವ್ಕಾರ್ರು. ನಮ್ಮ ಕಡೆ ಇಡೀ ತೆಂಗಿನಕಾಯಿನ ತಿಂಗಳುಗಟ್ಟಲೆ ಅಟ್ಟದ ಮೇಲೆ ಬಿಡ್ತಾರೆ. ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿ ಆಗ್ತದೆ. ಆಗಿದ್ಯಾ ಅಂತ ತಿಳಿಯೋಕೆ ಕಿವಿ ಹತ್ರ ಅಲ್ಲಾಡಿಸಿದ್ರೆ ಆಯ್ತು, ಆಗಿದ್ರೆ ಒಳಗೆ ಗಡಗಡ ಅಂತದೆ. ಸಾವ್ಕಾರ್ರು ಅಟ್ಟಕ್ಕೆ ಹತ್ತಿಸಿ, ಒಂದು ಕಾಯಿ ಕೈಗಿಟ್ಟು, "ಹೇಳಿ ನೋಡಾನ, ಆಗೈತಾ?" ಅಂದ್ರು.

ಕೆಲಸದ ಅಭ್ಯಾಸ ನೋಡಿ, ಕಾಯಿನ ಕೆಳಗಿಟ್ಟೆ. ದೂರ ಸರಿದು, ಮೊಬೈಲ್ ಟಾರ್ಚ್ ಹಾಕಿ, ಸುತ್ತ ಫೋಟೋ ತೆಗೆದೆ.

"ಸದ್ಯಕ್ಕೆ ಎಲ್ಲೂ ಬಿರುಕಿಲ್ಲ" ಅಂದೆ.

ಸಾವ್ಕಾರ್ರು ಜೊತೆಗೆ ಬಂದಿದ್ದ ನನ್ನ ಸೋದರಮಾವನ್ನ ನೋಡಿದ್ರು. ಸೋದರಮಾವ ತೊಲೆ ನೋಡ್ದ.

ಕೆನ್ನೆ

ಕೆಳಗಿಳಿದ್ವಿ. ಹುಡುಗಿ ಕಾಫಿ ತಂದ್ಲು.

"ಸರಿಯಾಗಿ ನೋಡ್ಕಳಿ, ಆಮೇಲೆ ನೋಡ್ಲಿಲ್ಲ ಅನ್ಬ್ಯಾಡಿ" ಅಂದ್ರು ಸಾವ್ಕಾರ್ರು.

ನನ್ನಂಥೋನಿಗೆ ಹಂಗೆ ಹೇಳಬಾರದು. ನೋಡ್ದೆ.

"ಏನನ್ನಿಸ್ತು?"

"ಎಡಗಡೆ ಊದಿದೆ."

ಸೋದರಮಾವ ಲೋಟ ಕೆಳಗಿಟ್ಟ. ಸಾವ್ಕಾರ್ರ ಮುಖ ಕೆಂಪಾಯ್ತು. ನನ್ನ ನಾಲಿಗೆಗೆ ಬೆಂಕಿ ಹಾಕ, ಮುಗೀತು ಕಥೆ ಅಂದ್ಕೊಂಡೆ.

ಹುಡುಗಿ ಕೆನ್ನೆ ಹಿಡ್ಕೊಂಡು ಅಲ್ಲೇ ಕೂತ್ಲು. "ಹಲ್ಲು ನೋವು ಅಂತ ಬಡ್ಕೊಂಡ್ರೆ, ಗಂಡಿನ ಕಡೆಯೋರು ಬತ್ತಾವ್ರೆ, ಪೌಡ್ರು ಹಾಕ್ಕೋ ಅಂದ್ಯಲ್ಲಪ್ಪ! ನೋಡು, ಅವರಿಗಾದ್ರೂ ಕಾಣಿಸ್ತು."

ಸಾವ್ಕಾರ್ರು ತಣ್ಣಗಾದ್ರು. "ಅಲ್ಲ ಕಣ್ರೀ, ನಿಮ್ಮಲ್ಲಿ ಊದಿದ್ರೆ ಏನ್ ಮಾಡ್ತೀರಾ?"

"ರಿಯಾಕ್ಟರ್ ನಿಲ್ಸಿ, ಊದಿರೋದನ್ನ ಈಚೆಗೆ ತೆಗೀತೀವಿ."

"ನಂದೂ ತೆಗೆಸ್ರೀ" ಅಂದ್ಲು ಹುಡುಗಿ.

ತಿಪಟೂರಿಗೆ ಹಲ್ಲಿನ ಡಾಕ್ಟ್ರ ಹತ್ರ ಹೋದ್ವಿ, ಕಾರಲ್ಲಿ ನಮ್ಮಿಬ್ಬರ ಮಧ್ಯೆ ಸಾವ್ಕಾರ್ರು. ಹಲ್ಲು ಕಿತ್ತಾದ ಮೇಲೆ ಡಾಕ್ಟ್ರು ನನ್ನ ತೋರಿಸಿ, "ಇವರು ಏನಾಗ್ಬೇಕು?" ಅಂದ್ರು. ನಾನು ಸಾವ್ಕಾರ್ರ ಮುಖ ನೋಡ್ದೆ. ಸಾವ್ಕಾರ್ರು ಗೋಡೆ ನೋಡಿದ್ರು. ಹುಡುಗಿ ಬಾಯ್ತುಂಬ ಹತ್ತಿ. ಮಾತಾಡೋಕಾಗದೆ, ಕೊರಳ ಹಿಂದಕ್ಕೆ ಕೈ ಒಯ್ದು ಮೂರು ಗಂಟು ಹಾಕ್ದಂಗೆ ಮಾಡಿ ತೋರಿಸಿದ್ಲು.