ಎರಡು ಗೋಡೆಯ ಕ್ರಿಮಿಯೂ ನಮ್ಮ ಭಾವನವರ ತೊಟ್ಟಿಲೂ

ನಮ್ಮ ಭಾವನವರಿಗೆ ಕೊಳ್ಳೇಗಾಲದ ಜನಕ್ಕಿಂತ ಕಣ್ಣಿಗೆ ಕಾಣದವರ ಪರಿಚಯವೇ ಹೆಚ್ಚು. ದೆವ್ವ ಅಂದುಕೊಂಡಿರಾ? ದೆವ್ವವಾಗಿದ್ದರೆ ಬೇವಿನ ಸೊಪ್ಪಲ್ಲಿ ಹೊಡೆಸಿ ಬಿಡಿಸಬಹುದಿತ್ತು. ಇದು ಬ್ಯಾಕ್ಟೀರಿಯಾ!

ನನ್ನ ಗಂಡನ ಅಣ್ಣ ಇವರು, ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟ್ರು. ನಾನೋ, ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಆದರೂ ನಾನು ಮುದ್ದೆ ತಿರುವುವಾಗ ಅಡಿಗೆಮನೆ ಬಾಗಿಲಲ್ಲಿ ನಿಂತು ಪಾಠ ಶುರು ಮಾಡುತ್ತಿದ್ದರು.

"ನೋಡವ್ವ, ಕಾಲರಾ ಕ್ರಿಮಿ ಕಚ್ಚಕಿಲ್ಲ. ತನ್ನೊಳಗೇ ವಿಷ ತಯಾರು ಮಾಡ್ತದೆ. ಅದರ ಮೈಗೆ ಎರಡು ಗೋಡೆ. ಗೋಡೆ ಒಡೀದಂಗೆ ವಿಷನ ಎಂಗೆ ಆಚೆಗೆ ದಾಟಿಸ್ತದೆ, ಯೋಳು?"

"ಬಾಗ್ಲಿರ್ತದೆ, ದಾಟಿಸ್ತದೆ. ಮುದ್ದೆ ತಣ್ಗಾಯ್ತದೆ, ಉಣ್ಣಿ ಭಾವ."

"ಒಳಬಾಗ್ಲು ಸಣ್ಣದು ಕಣವ್ವ! ಅದುಕ್ಕೇ ಬಿಡಿಬಿಡಿಯಾಗಿ ಒಳಗೋಡೆ ದಾಟಿಸಿ, ಎರಡು ಗೋಡೆ ನಡುವೆ ಜೋಡಿಸ್ತದೆ. ಆಮೇಲೆ ಇಡಿಯಾಗಿ ಆಚೆಗೆ! ಪುಸ್ತಕ ಬರೆಯೋರೇ ಇನ್ನೂ ತಡಕಾಡ್ತಾವ್ರೆ, ನಂಗೆ ಹೊಳೀತು."

ಅಂಗಿ ತಿರುಗುಮುರುಗು ತೊಟ್ಟು ಸ್ಕೂಲಿಗೆ ಹೋದ ಮನುಷ್ಯನಿಗೆ ಕ್ರಿಮಿಯ ಮನೆಯ ಬಾಗಿಲು ಹೊಳೆಯಿತಂತೆ!

ಇವರ ಹೆಂಡತಿ, ನನ್ನ ಓರಗಿತ್ತಿ ಅಕ್ಕ, ತೀರಿಕೊಂಡ ಮೇಲೆ ಇವರಿಗೆ ಇದ್ದವಳು ಒಬ್ಬಳೇ ಮಗಳು. ಅವಳು ರಾಮಾಪುರದಿಂದ ಬಾಣಂತನಕ್ಕೆ ಬಂದಳು. ಬಾಣಂತನ ನನ್ನ ತಲೆಗೆ, ಬಾಗಿಲಲ್ಲಿ ಸೋಪುನೀರಿನ ಬಕೆಟ್ಟು ಕಾಯುವುದು ಇವರ ತಲೆಗೆ. ಮಗು ನೋಡಲು ಬಂದ ಬೀಗಿತ್ತಿಗೂ ಕೈ ತೊಳೆಯಿರಿ ಅಂದರು.

"ನಮ್ಮನ್ನೇನು ಮೈಲಿಗೆ ಅಂದ್ಕಂಡ್ರಾ?"

"ಮೈಲಿಗೆ ಆದ್ರೆ ಪರವಾಗಿಲ್ಲ ತಾಯಿ, ಇದು ಕ್ರಿಮಿ" ಅಂದರಲ್ಲ ಈ ಮಹಾನುಭಾವ!

ಸಾಲದು ಅಂತ ಒಳಕೋಣೆಯಲ್ಲೇ ಕೂತು ಮೊಮ್ಮಗಳಿಗೆ ತೇಗದ ತೊಟ್ಟಿಲು ಮಾಡಿದರು. ಮಗು ಹೊರಡುವ ದಿನ ಗೊತ್ತಾದ ಮೇಲೆ ಮಾತ್ರ ಯಾಕೋ ಪಾಠವೂ ನಿಂತಿತು, ಊಟವೂ ಅರ್ಧಕ್ಕೆ ಬಂತು.

ಆ ದಿನ ಲಾರಿ ಬಂದು ನಿಂತಿದೆ, ತೊಟ್ಟಿಲು ಒಳಕೋಣೆಯ ಬಾಗಿಲಲ್ಲಿ ಸಿಕ್ಕಿಕೊಂಡಿದೆ! ನೇರಕ್ಕೂ ಬರದು, ಓರೆಗೂ ಬರದು.

"ಗೋಡೆ ಒಡೆಸೋಣ್ವಾ ಮಾವ?" ಅಂದ ಅಳಿಯ.

ನಾನು ಬಿಡುತ್ತೇನೆಯೇ? "ಭಾವ, ಕಾಲರಾ ಕ್ರಿಮಿಗಿರೋ ಬುದ್ಧಿ ನಿಮಗಿಲ್ವಾ? ಬಿಚ್ಚಿ ದಾಟ್ಸಿ, ಹಜಾರದಲ್ಲಿ ಜೋಡ್ಸಿ. ಬೀದಿಬಾಗ್ಲು ಅಗಲವಾಗದೆ!"

ಬಿಚ್ಚಿದರು. ಹಜಾರದಲ್ಲಿ ಕೂತು ಒಂದೊಂದೇ ಬೆಣೆ ಬಡಿದರು, ಬಲು ನಿಧಾನವಾಗಿ. ಕೊನೆಯ ಬೆಣೆ ಮಾಯ! ಅದಿಲ್ಲದೆ ತೊಟ್ಟಿಲು ನಿಲ್ಲುವುದಿಲ್ಲ.

"ಇನ್ನೊಂದು ಕೆತ್ತಿ ಮಾವ."

"ಅಳತೆ ಕೂರಕಿಲ್ಲ ಕಣಪ್ಪ."

ಎಲ್ಲರೂ ನೆಲ ತಡಕಿದೆವು. ಡ್ರೈವರ್ ಹಾರನ್ ಒತ್ತಿದ. "ಸಾ, ಕತ್ಲಾದ್ರೆ ಕಾಡ್ ದಾರೀಲಿ ಆನೆ ನಿಂತ್ಕತವೆ, ಬಿರ್ರನೆ!"

ಆಗ ಕಂಡಿತು. ಬೆಣೆ ಭಾವನವರ ಸೊಂಟದಲ್ಲಿ, ಪಂಚೆಯ ಮಡಿಕೆಯಿಂದ ಇಣುಕುತ್ತಿತ್ತು. ಕದಿಯುವುದಕ್ಕೂ ಬಾರದ ಮನುಷ್ಯ! ಮಗುವಿನ ಕಡೆ ನೋಡದೆ ಅವರೂ ನೆಲ ತಡಕುತ್ತಿದ್ದರು.

ನಾನು ಸೆರಗು ಸಿಕ್ಕಿಸಿಕೊಂಡು ಬೀದಿಬಾಗಿಲಿಗೆ ಹೋಗಿ ಡ್ರೈವರಿಗೆ ಅಂದೆ:

"ನೀ ಓಗಿ ನಾಳಿಕ್ ಬಾ ಮಗಾ. ಆ ಬೆಣೆ ಇವತ್ತು ಸಿಕ್ಕಕಿಲ್ಲ."