ಮುಡಿಪು ಕಟ್ಟಿದ ಮೈಲಿಗಳು

ದೇವರು ಕೆಲವರಿಗೆ ಕೊಟ್ಟು ನೋಡುತ್ತಾನೆ, ಕೆಲವರಿಗೆ ಕೊಡದೆ ನೋಡುತ್ತಾನೆ. ನನಗೆ ಮಾತ್ರ ಕೊಟ್ಟಂತೆ ಮಾಡಿ ನಗುತ್ತಾನೆ. ಇಂಥವು ನನಗೆ ಮೇಲಿಂದ ಮೇಲೆ ಆಗುತ್ತಲೇ ಇರುತ್ತವೆ.

ಮೈಲಿ ಬಂದದ್ದು

ನಾನು ಇಳಕಲ್ಲಿನ ಸೀರೆ ವ್ಯಾಪಾರಿ. ದಿಲ್ಲಿ, ಕೋಲ್ಕತ್ತದ ಕೈಮಗ್ಗದ ಪ್ರದರ್ಶನಗಳಿಗೆ ಸೀರೆ ಒಯ್ಯುತ್ತಿದ್ದೆ. ರೈಲಿನಲ್ಲಿ ಹೋಗಿಬರುವಷ್ಟು ಹೊತ್ತು ಅಂಗಡಿ ಮುಚ್ಚುವುದು ಬೇಡವೆಂದು ಹುಬ್ಬಳ್ಳಿಗೆ ಹೋಗಿ ವಿಮಾನ ಹಿಡಿಯುವುದು ರೂಢಿಯಾಯಿತು. ಒಂದು ಸಲ ವಿಮಾನ ಕಂಪನಿಯ ಕೌಂಟರಿನ ಹುಡುಗಿ ನನಗೊಂದು ಕಾರ್ಡು ಕೊಟ್ಟಳು. ಹಾರಿದಷ್ಟೂ ಅದಕ್ಕೆ ಮೈಲಿ ಜಮಾ ಆಗುತ್ತವಂತೆ, ಸಾಕಷ್ಟು ಕೂಡಿದ ಮೇಲೆ ಟಿಕೆಟ್ ಪುಕ್ಕಟೆಯಂತೆ.

ಹಿಗ್ಗು ತಡೆಯಲಾರದೆ, ಸೀರೆಯ ಗಂಟು ಹೊತ್ತು ಮನೆಯ ಕಟ್ಟೆ ಏರುವಾಗಲೇ ಕೂಗಿದೆ. "ಯವ್ವಾ, ನನಗ ಮೈಲಿ ಬಂದಾವ!"

ಅವ್ವನ ಕಿವಿ ಸ್ವಲ್ಪ ಮಂದ, ಮಡಿ ಭಾಳ. "ಏನಂದಿ? ಮೈಲಿಗ್ಯಾ? ಯಾರು ಹೋದ್ರೋ? ಅಲ್ಲೇ ನಿಂದ್ರು, ಒಳಗ ಬರಬ್ಯಾಡ!" ಎಂದವಳೇ ತುಂಬಿದ ಕೊಡ ತಂದು ತಲೆಯ ಮೇಲೆ ಸುರುವಿದಳು.

ಅವತ್ತು ನಾನಷ್ಟೇ ಅಲ್ಲ, ಮಾರಾಟವಾಗದೆ ಉಳಿದಿದ್ದ ಸೀರೆಗಳೂ ಮಡಿಯಾದವು.

ಮುಡಿಪು

ನನ್ನ ಹೆಂಡತಿಗೆ ಎರಡೇ ಆಸೆ. ಒಮ್ಮೆ ವಿಮಾನ ಹತ್ತಬೇಕು, ಒಮ್ಮೆ ಕಾಶಿ ನೋಡಬೇಕು. ಒಂದೇ ಕಾರ್ಡಿನಲ್ಲಿ ಎರಡೂ ಆಗುತ್ತವಲ್ಲ ಎಂದು, ಇಬ್ಬರೂ ಕೂಡಿ ಹೋಗುವಷ್ಟು ಮೈಲಿ ಆಗುವ ತನಕ ಇವನ್ನು ಮುಟ್ಟುವುದಿಲ್ಲ ಎಂದು ನಮ್ಮ ಬನಶಂಕರಿ ತಾಯಿಗೆ ಬೇಡಿಕೊಂಡೆ. ಕಾರ್ಡನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ ಮುಡಿಪು ಕಟ್ಟಿ ದೇವರ ಜಗಲಿಯ ಮೇಲೆ ಇಟ್ಟೆ. ದಿನಾ ವಿಭೂತಿಯ ಜೊತೆ ಅದಕ್ಕೂ ಒಂದು ಹೂ.

ಹುನಗುಂದದಲ್ಲಿ ವಕೀಲಿ ಮಾಡುವ ನನ್ನ ಹೆಂಡತಿಯ ತಮ್ಮ ಹಬ್ಬಕ್ಕೆ ಬಂದಾಗ ಅದನ್ನು ನೋಡಿ ತಲೆ ಚಚ್ಚಿಕೊಂಡ. "ಮಾಮಾ, ಒಬ್ಬರಿಗೆ ಹೋಗೂವಷ್ಟು ಮೈಲಿ ಈಗ ಆಗ್ಯಾವ. ಅಕ್ಕನ್ನ ಮೊದಲ ಕಳಸ್ರಿ. ಇವು ಇಟ್ಟಷ್ಟೂ ಕೆಡ್ತಾವ್ರಿ."

"ಮುಡಿಪು ಕೆಡಾಕ ಅದೇನು ಹಾಲೇನ್ಲೇ?" ಎಂದೆ ನಾನು.

ಹೆಂಡತಿ ಒಳಗಿನಿಂದಲೇ ಅಂದಳು. "ಇಲ್ಲೋ ತಮ್ಮಾ, ಹಾಲಾದ್ರ ಹೆಪ್ಪು ಹಾಕಿ ಮಸರ ಆದ್ರೂ ಉಣ್ಣಬಹುದಿತ್ತು."

ದಿವಾಳಿ

ಒಂದು ಮುಂಜಾನೆ ಟೀವಿಯಲ್ಲಿ ಸುದ್ದಿ ಬಂತು. ನಮ್ಮ ಕಾರ್ಡಿನ ಕಂಪನಿ ಮುಳುಗಿತ್ತು, ವಿಮಾನಗಳೆಲ್ಲ ನಿಂತಲ್ಲೇ ನಿಂತಿದ್ದವು. ನಾನು ಜಗಲಿಯ ಮುಂದೆ ಕುಸಿದು ಕುಳಿತೆ.

"ಏನಾತೋ ಯಪ್ಪಾ?" ಅಂದಳು ಅವ್ವ.

"ದಿವಾಳಿ ಆತ ಬೇ."

"ಹುಚ್ಚಪ್ಪಾ, ಈಗರ ಶ್ರಾವಣ ಹತ್ತೈತಿ. ದಿವಾಳಿಗೆ ಇನ್ನೂ ದಸರಾ ದಾಟಬೇಕು."

ಬಿಡಿಸಿ ಹೇಳಿದ ಮೇಲೆ ಆಕೆಗೆ ತಿಳಿಯಿತು. ನನ್ನನ್ನೂ ಮುಡಿಪಿನ ಗಂಟನ್ನೂ ನೋಡಿ, ಕೊಡ ಎತ್ತಿಕೊಂಡಳು. "ಹಂಗಂದ್ರ ಈಗ ಖರೇನ ಮೈಲಿಗಿ ಆತಲ್ಲ. ಏಳು, ಹೊರಗ ನಡಿ."

ಪಂಕ್ತಿ

ಆಸೆ ಬಿಡದೆ ಹುನಗುಂದಕ್ಕೆ, ಹೆಂಡತಿಯ ತಮ್ಮನ ಕಚೇರಿಗೆ ಹೋದೆ. ಅವನು ನಗಲಿಲ್ಲ. ನನಗೆ ತಿಳಿಯುವ ಹಾಗೆ ಹೇಳಿದ.

"ಮಾಮಾ, ಇದೊಂದು ಪಂಕ್ತಿ ಊಟ ಅಂತ ತಿಳೀರಿ. ಮೊದಲ ಬ್ಯಾಂಕಿನವರು, ದುಡಿದ ಮಂದಿ ಕುಂದರ್ತಾರ. ಆಮ್ಯಾಲೆ ವಿಮಾನಕ್ಕ ಎಣ್ಣಿ ಕೊಟ್ಟವರು, ಸಾಮಾನು ಕೊಟ್ಟವರು. ಅಷ್ಟರಾಗ ಅಡಗಿ ಮುಗದಿರ್ತೈತಿ."

"ನಾ ಕಡೀ ಪಂಕ್ತಿಗೆ ಕಾಯ್ತೇನಿ ಬಿಡಪಾ. ಬರೇ ಸಾರು ಉಳದ್ರೂ ಸಾಕು."

"ನಿಮಗ ಎಲೀನ ಹಾಕಿಲ್ರಿ ಮಾಮಾ. ಮೈಲಿ ಅಂದ್ರ ರೊಕ್ಕ ಅಲ್ಲ, ಅವರು ಖುಷಿಗೆ ಕೊಟ್ಟದ್ದು ಅಂತ ಅವರ ಕರಾರಿನಾಗ ಐತಿ. ಬ್ಯಾರೇ ಕಂಪನಿ ಬಂದು ಇದನ್ನ ಕೊಂಡು, ಹಳೇ ಮೈಲಿ ನಡಸ್ತೇವಿ ಅಂದ್ರ ಉಂಟು. ಇಲ್ಲಂದ್ರ ಇಲ್ಲ."

ಕೊಳ್ಳುವವರು ಯಾರಾದರೂ ಬಂದಾರೆಂದು ಕಾದೆವು. ಬರಲಿಲ್ಲ. ನಾನು ಕಚೇರಿಗೆ ಹೋದ ದಿನ ಅವನು ಒತ್ತಾಯ ಮಾಡಿ ತನ್ನ ಮನೆಯಲ್ಲಿ ಊಟಕ್ಕೆ ಕೂರಿಸಿದ್ದ. ಎಲೆ ಹಾಕಿದ್ದು ನೋಡಿ ನನಗೆ ಕಣ್ಣಲ್ಲಿ ನೀರು ಬಂತು. ಅವನ ಹೆಂಡತಿ ಪಲ್ಯಕ್ಕೆ ಖಾರ ಹೆಚ್ಚಾಯಿತೆಂದು ತಿಳಿದು ತುಪ್ಪ ಸುರಿದಳು.

ಕಿವಿ

ಆಮೇಲೆ ಹೆಂಡತಿಗೆ ಕಿವಿ ಬೇನೆ ಶುರುವಾಯಿತು. ಬಾಗಲಕೋಟೆಯ ದವಾಖಾನೆಯಲ್ಲಿ ತೋರಿಸಿದೆವು. ಡಾಕ್ಟರು ಗುಳಿಗೆ ಬರೆದುಕೊಟ್ಟು, "ಅಮ್ಮಾ, ಇನ್ನ ಮ್ಯಾಲೆ ನೀವು ವಿಮಾನ ಹತ್ತಬಾರದು. ಕಿವಿ ತಡಿಯೂದಿಲ್ಲ" ಅಂದರು.

ಹೆಂಡತಿಯ ತಮ್ಮ ಹಬ್ಬದಲ್ಲಿ ಅಂದದ್ದು ನನಗೆ ನೆನಪಾಯಿತು. ಒಬ್ಬರಿಗಾಗುವಷ್ಟು ಮೈಲಿ ಇದ್ದಾಗ ಆಕೆಯ ಕಿವಿಯೂ ನೆಟ್ಟಗಿತ್ತು, ಕಂಪನಿಯೂ ನೆಟ್ಟಗಿತ್ತು.

ಆಕೆ ಮಾತ್ರ ಸೆರಗು ಸರಿಮಾಡಿಕೊಂಡು ಡಾಕ್ಟರಿಗೆ ಹೇಳಿದಳು. "ಅದರ ಕಾಳಜಿ ಬ್ಯಾಡ್ರಿ ಸಾಹೇಬ್ರ. ನಮ್ಮ ಮನಿಯವರು ಅದರ ಬಂದೋಬಸ್ತ ಮೊದಲ ಮಾಡ್ಯಾರ."

ಸೊನ್ನೆ

ಕಟ್ಟಿದ ಮುಡಿಪನ್ನು ಬಿಡಿಸಿಕೊಳ್ಳದೆ ಇರುವಂತಿಲ್ಲ. ಗಂಟು ತೆಗೆದುಕೊಂಡು ಬಾದಾಮಿಯ ಬನಶಂಕರಿಗೆ ಹೋದೆವು. ಹಣ್ಣುಕಾಯಿ ಮಾಡಿಸಿ, ನಡೆದದ್ದನ್ನೆಲ್ಲ ಹೇಳಿ ಕಾರ್ಡನ್ನು ಪೂಜಾರಿಯ ಕೈಗಿಟ್ಟೆ. ಅವರು ಅದನ್ನು ಹಿಂದುಮುಂದು ತಿರುಗಿಸಿ ನೋಡಿ, ಕುಂಕುಮ ಹಚ್ಚಿ, ತಿರುಗಿ ನನ್ನ ಕೈಗೇ ಕೊಟ್ಟರು. "ಒಡೆಯಾಕ ಕಾಯಿ ಅಲ್ಲ, ಏರಸಾಕ ಹೂ ಅಲ್ಲ. ತಾಯಿ ಇದನ್ನ ತಗೊಂಡು ಏನ ಮಾಡ್ಯಾಳ್ರಿ? ನಿಮ್ಮ ಮಾತು ಆಕಿಗೆ ಮುಟ್ಟೇತಿ. ಮುಡಿಪು ಬಿಟ್ಟಂಗ ಆತು, ಹೋಗಿ ಬರ್ರಿ."

ತಿರುಗಿ ಬರುವಾಗ ಬಸ್ಸು ತುಂಬಿತ್ತು. ಹೆಂಡತಿ ಕಿಟಕಿಯ ಪಕ್ಕ ಕುಳಿತು ಆಧಾರ್ ಕಾರ್ಡು ತೋರಿಸಿದಳು. ಹೆಂಗಸರಿಗೆ ಈಗ ಬಸ್ಸು ಪುಕ್ಕಟೆ. ಕಂಡಕ್ಟರ್ ಆಕೆಗೆ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ನನ್ನಿಂದ ಪೂರಾ ರೊಕ್ಕ ತೆಗೆದುಕೊಂಡ.

ಆಕೆ ತನ್ನ ಟಿಕೆಟನ್ನೂ ನನ್ನ ಕೈಯಲ್ಲಿದ್ದ ಕಾರ್ಡನ್ನೂ ನೋಡಿದಳು. "ರೀ, ನಿಮ್ಮ ಕಾರ್ಡಿನಾಗೂ ಸೊನ್ನಿ, ನನ್ನ ಟಿಕೇಟಿನಾಗೂ ಸೊನ್ನಿ. ಆದ್ರ ನನ್ನ ಸೊನ್ನಿ ನಡೀತೈತಿ ನೋಡ್ರಿ."

ಹಿಂದಿನ ಸೀಟಿನ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಆಕೆಯೂ ನಕ್ಕಳು. ಆಮೇಲೆ ಟಿಕೆಟನ್ನು ಮುಡಿಪಿನ ಅರಿಶಿನದ ಬಟ್ಟೆಯಲ್ಲಿ ಮಡಿಸಿಡುತ್ತ, ನಗದೆ ಕಂಡಕ್ಟರನ್ನು ಕೇಳಿದಳು. "ಯಪ್ಪಾ, ಈ ಟಿಕೇಟಿನ ಮ್ಯಾಲೆ ಕಾಶಿ ತನಕ ಹೋಗಬಹುದೇನೋ?"

ಕಂಡಕ್ಟರ್ ಸೀಟಿ ಊದುವುದನ್ನು ನಿಲ್ಲಿಸಿದ. "ಇಲ್ಲ ಬೇ ಯಕ್ಕಾ. ನಮ್ಮ ರಾಜ್ಯದ ಗಡಿ ತನಕ ಅಷ್ಟ ಸರಕಾರದ್ದು. ಅಲ್ಲಿಂದ ಮುಂದ ನಿಮ್ಮ ಯಜಮಾನ್ರದು."

ಇಡೀ ಬಸ್ಸು ನನ್ನ ಕಡೆಗೆ ತಿರುಗಿ ನೋಡಿತು.